ಮೈಕಿಗೆ ಪೊಲೀಸ್ ಠಾಣೆ ಸಾಕು, ರೇಡಿಯೊಗೆ ದಿಲ್ಲಿ ಯಾಕೆ?

ತಾತನ ಟ್ರಂಕಿನಲ್ಲಿ ಹೋದ ವರ್ಷ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಬ್ಯಾಂಕ್ ಪಾಸ್‌ಬುಕ್ಕಿಗಿಂತ ಚಿಕ್ಕದು. ಒಳಗೆ ಅಂಚೆ ಕಚೇರಿಯ ಮೊಹರು, ವರ್ಷಕ್ಕೊಂದರಂತೆ ಅಂಟಿಸಿದ ಚೀಟಿ. ಉಳಿತಾಯದ ಲೆಕ್ಕ ಇರಬೇಕು ಅಂದುಕೊಂಡೆ. ನೋಡಿದರೆ ರೇಡಿಯೊ ಲೈಸೆನ್ಸು. ರೇಡಿಯೊ ಕೇಂದ್ರ ನಡೆಸೋಕಲ್ಲ, ಮನೆಯಲ್ಲಿ ಕೂತು ಕೇಳೋಕೆ!

ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಆಗ ಇದ್ದದ್ದು ಎರಡೋ ಮೂರೋ ರೇಡಿಯೊ. ಅವುಗಳ ಯಜಮಾನರು ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಶುಲ್ಕ ಕಟ್ಟಿ ಬರಬೇಕಿತ್ತು. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಇಂಥ ಪೆಟ್ಟಿಗೆ ಇಟ್ಟುಕೊಳ್ಳುವುದೇ ಅಪರಾಧ. ಕೇಳುವವರ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು. ಪ್ರಸಾರ ಮಾಡುವವರದು ಇವತ್ತಿಗೂ ಇದೆ.

ಆ ಪುಸ್ತಕ ನೋಡುತ್ತಾ ಕೂತಿದ್ದಾಗ ನಮ್ಮ ದೊಡ್ಡಮ್ಮ ಒಂದು ಪ್ರಶ್ನೆ ಕೇಳಿದರು. ಅವರು ಊರಿನ ಸ್ತ್ರೀಶಕ್ತಿ ಸಂಘದ ಹಿರಿಯರು, ಮಾತಿನಲ್ಲಿ ಯಾರಿಗೂ ಸೋಲುವವರಲ್ಲ. "ಏನಪ್ಪಾ, ಊರಹಬ್ಬಕ್ಕೆ ಮೈಕ್ ಹಾಕೋಕೆ ಸ್ಟೇಷನ್ನಿಗೆ ಒಂದು ಅರ್ಜಿ ಕೊಟ್ಟರೆ ಆಯ್ತು. ಅದೇ ಮಾತನ್ನ ರೇಡಿಯೊದಲ್ಲಿ ಹೇಳೋಕೆ ದಿಲ್ಲಿಗೆ ಯಾಕೆ ಹೋಗಬೇಕು?"

ಸುಮ್ನೆ ಕೇಳಿದ ಪ್ರಶ್ನೆ. ಆದರೆ ವಾಕ್ ಸ್ವಾತಂತ್ರ್ಯದ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಹೋದ ವಾದಗಳೆಲ್ಲ ಅದರೊಳಗೇ ಇವೆ.

ಮೊದಲು ಪತ್ರಿಕೆ ತಗೊಳ್ಳಿ. ಕೋಲಾರದಲ್ಲಿ ಒಬ್ಬರು ವಾರಪತ್ರಿಕೆ ಶುರು ಮಾಡಬೇಕು ಅಂದರೆ ನೋಂದಣಿ ಮಾಡಿಸಬೇಕು. ನೋಂದಣಿಗೂ ಪರವಾನಗಿಗೂ ಬಹಳ ವ್ಯತ್ಯಾಸ ಇದೆ. ನೋಂದಣಿ ಅಂದರೆ "ನಾನಿದ್ದೀನಿ" ಅಂತ ತಿಳಿಸುವುದು. ಪರವಾನಗಿ ಅಂದರೆ "ನಾನು ಇರಲಾ?" ಅಂತ ಕೇಳುವುದು. ಪತ್ರಿಕೆಗೆ ಮೊದಲನೆಯದು ಸಾಕು, ರೇಡಿಯೊಗೆ ಎರಡನೆಯದು ಬೇಕು. ಇದಕ್ಕೆ ಕಾರಣ ಅಧಿಕಾರದ ಆಸೆ ಒಂದೇ ಅಂತ ಹೇಳಿದರೆ ತಪ್ಪಾಗುತ್ತದೆ. ತರಂಗಗಳ ಸ್ವಭಾವವೂ ಒಂದು ಕಾರಣ.

ಬೆಂಗಳೂರಿನಲ್ಲಿ ಕೋಲಾರದ ಬಸ್ಸು ಹತ್ತಿ, ಇಯರ್‌ಫೋನ್ ಚುಚ್ಚಿ ಎಫ್ಎಂ ಹಾಕಿಕೊಳ್ಳಿ. ಹೊಸಕೋಟೆವರೆಗೆ ಹಾಡು ಸ್ಫಟಿಕದ ಹಾಗೆ. ನರಸಾಪುರ ಬರುವಷ್ಟರಲ್ಲಿ ಹಾಡಿನ ನಡುವೆ ಮರಳು ಜರಡಿ ಹಿಡಿದಂಥ ಸದ್ದು. ಎಫ್ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ, ಭೂಮಿ ಬಾಗಿದರೆ ಕೈ ಚೆಲ್ಲುತ್ತದೆ. ಅದಕ್ಕೇ ಕಂಬ ಎತ್ತರ ಇದ್ದಷ್ಟೂ ಲಾಭ.

ಈಗ ಬೆಂಗಳೂರಿನ ಸ್ಟೇಷನ್‌ಗಳ ನಂಬರ್ ನೆನಪು ಮಾಡಿಕೊಳ್ಳಿ. 91.1, 91.9, 92.7, 93.5, 94.3. ದಿನಾ ಕಿವಿಗೆ ಬೀಳುವ ನಂಬರ್‌ಗಳೇ. ಒಂದರಿಂದ ಇನ್ನೊಂದನ್ನು ಕಳೆದು ನೋಡಿದ್ದೀರಾ? ಪ್ರತಿಸಲವೂ 0.8 ಬರುತ್ತದೆ. ನಮ್ಮಲ್ಲಿ ಒಂದೇ ಊರಿನ ಎರಡು ಕೇಂದ್ರಗಳ ನಡುವೆ ಅಷ್ಟು ಜಾಗ ಬಿಡುವುದು ಕ್ರಮ. ಎಫ್ಎಂ ಪಟ್ಟಿ ಇರುವುದು 88ರಿಂದ 108 ಮೆಗಾಹರ್ಟ್ಸ್ ತನಕ. ಇಪ್ಪತ್ತನ್ನು 0.8ರಿಂದ ಭಾಗಿಸಿ. ಇಪ್ಪತ್ತೈದು. ಎಷ್ಟೇ ದೊಡ್ಡ ಊರಾಗಲಿ, ಈ ಲೆಕ್ಕದಲ್ಲಿ ಹಿಡಿಸುವುದು ಅಷ್ಟೇ ಕೇಂದ್ರ.

ಲೆಕ್ಕ ಮೀರಿ ಇಬ್ಬರು ಒಂದೇ ನಂಬರಿನಲ್ಲಿ ಮಾತಾಡಿದರೆ? ಸಂತೆಯಲ್ಲಾದರೆ ಎರಡು ದನಿ ಬೆರೆತು ಗದ್ದಲ ಆಗುತ್ತದೆ, ಆದರೂ ಕಿವಿಗೊಟ್ಟರೆ ಎರಡೂ ಕೇಳುತ್ತವೆ. ಎಫ್ಎಂನಲ್ಲಿ ಹಾಗಾಗಲ್ಲ. ರಿಸೀವರು ಯಾವುದು ಜೋರೋ ಅದನ್ನೇ ಹಿಡಿದು ಇನ್ನೊಂದನ್ನು ಪೂರ್ತಿ ನುಂಗಿಬಿಡುತ್ತದೆ. ಅಂದರೆ ದುಡ್ಡಿದ್ದವನು ದೊಡ್ಡ ಟ್ರಾನ್ಸ್‌ಮಿಟರ್ ಇಟ್ಟರೆ ಸಣ್ಣವನ ದನಿ ಇದ್ದೂ ಇಲ್ಲದ ಹಾಗೆ. ತಡೆಯುವವರು ಯಾರೂ ಇಲ್ಲದಿದ್ದರೆ ಮೊದಲು ಸಾಯುವುದು ದೊಡ್ಡಮ್ಮನಂಥವರ ರೇಡಿಯೊ. ಲೈಸೆನ್ಸ್ ಅಂದರೆ ಮೂಗು ಮುರಿಯುವವರು ಇದನ್ನು ಮರೆಯಬಾರದು.

ಇನ್ನೊಂದು ವಿಷಯ. ಎಫ್ಎಂ ಪಟ್ಟಿ 108ಕ್ಕೆ ಮುಗಿದ ಕೂಡಲೇ ಶುರುವಾಗುವುದು ವಿಮಾನಗಳು ಬಳಸುವ ತರಂಗಗಳ ಪಟ್ಟಿ. ಪಕ್ಕದಲ್ಲೇ ದೇವನಹಳ್ಳಿ ಇದೆ. ಕೆಟ್ಟ ಟ್ರಾನ್ಸ್‌ಮಿಟರ್ ತನ್ನ ಗಡಿ ದಾಟಿ ಚೆಲ್ಲಾಡಿದರೆ ತೊಂದರೆ ಹಾಡಿಗಷ್ಟೇ ಆಗುವುದಿಲ್ಲ.

ದೊಡ್ಡಮ್ಮನಿಗೆ ಇದನ್ನು ನೀರುಗಂಟಿಯ ಲೆಕ್ಕದಲ್ಲಿ ಹೇಳಿದೆ. ನಮ್ಮ ಜಿಲ್ಲೆ ಕೆರೆಗಳ ಜಿಲ್ಲೆ. ಕೆರೆ ತುಂಬಿದ ಕಾಲದಲ್ಲಿ ತೂಬು ಎತ್ತುವವನು, ಅಚ್ಚುಕಟ್ಟಿನ ಗದ್ದೆಗೆ ಸರದಿ ಮೇಲೆ ನೀರು ಬಿಡುವವನು ನೀರುಗಂಟಿ. ತೂಬು ಒಂದೇ, ಗದ್ದೆ ನೂರು. ಸರದಿ ಇಲ್ಲದಿದ್ದರೆ ತಲೆಗಾಲುವೆ ಪಕ್ಕದ ಗೌಡರ ಗದ್ದೆ ಕೊಳೆಯುತ್ತದೆ, ಕೊನೆಯ ಗದ್ದೆ ಬಿರಿಯುತ್ತದೆ. ತರಂಗಕ್ಕೂ ಒಬ್ಬ ನೀರುಗಂಟಿ ಬೇಕು.

"ಸರಿ," ಅಂದರು ದೊಡ್ಡಮ್ಮ. "ಆದರೆ ನೀರುಗಂಟಿ ನೀರು ಬಿಡ್ತಾನೆ. ಗದ್ದೇಲಿ ನಿಂತು ಯಾವ ಹಾಡು ಹಾಡಬೇಕು ಅಂತ ಹೇಳ್ತಾನಾ?"

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಲೈಸೆನ್ಸ್ ಅನ್ನುವ ಒಂದೇ ಕಾಗದದಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಒಂದು, ಯಾರಿಗೆ ಯಾವ ನಂಬರು, ಎಷ್ಟು ವಾಟ್, ಎಷ್ಟು ಎತ್ತರದ ಕಂಬ. ಇನ್ನೊಂದು, ಏನು ಮಾತಾಡಬಹುದು, ಏನು ಮಾತಾಡಬಾರದು. ಮೊದಲನೆಯದನ್ನು ತರಂಗ ಕಡಿಮೆ ಇದೆ ಅನ್ನುವ ಮಾತಿನಿಂದ ಒಪ್ಪಿಸಬಹುದು. ಎರಡನೆಯದಕ್ಕೂ ಅದೇ ನೆಪ ಹೇಳಿದಾಗ ನಾವು ಸ್ವಲ್ಪ ಹುಬ್ಬೇರಿಸಬೇಕು.

ತೂಬು, ನೀರುಗಂಟಿ, ಗದ್ದೆ ಎಲ್ಲ ಒಬ್ಬರದೇ ಆದರೆ ಏನಾಗುತ್ತದೆ ಅಂತ ನಮ್ಮ ದೇಶ ಹತ್ತಾರು ವರ್ಷ ನೋಡಿದೆ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದ್ದರು. ಅದರ ಹೆಸರು ಆಕಾಶವಾಣಿ. ಇವತ್ತು ಸರ್ಕಾರಿ ರೇಡಿಯೊಗೆ ಇರುವ ಹೆಸರು ಮೊದಲು ಒಬ್ಬ ಮೇಷ್ಟರ ಖಾಸಗಿ ಹವ್ಯಾಸದ ಹೆಸರಾಗಿತ್ತು ಅನ್ನುವುದು ನನಗಂತೂ ಪ್ರತಿಸಲ ನೆನೆದಾಗಲೂ ಖುಷಿ ಕೊಡುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಅಂಥ ಹವ್ಯಾಸಕ್ಕೆ ಜಾಗ ಉಳಿಯಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ತಂತಿ ಸಂಪರ್ಕದ ಸಂಪೂರ್ಣ ಹಕ್ಕನ್ನು ಸರ್ಕಾರಕ್ಕೆ ಕೊಟ್ಟಿತ್ತು. ಬ್ರಿಟಿಷರು ಹೋದರೂ ಕಾಯ್ದೆ ಹೋಗಲಿಲ್ಲ. ರೇಡಿಯೊ ಅದರ ಹೊಟ್ಟೆಯೊಳಗೇ ಉಳಿಯಿತು.

ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದಲ್ಲ ಅಂತ 1940ರಲ್ಲಿ ಯಾರೋ ತೀರ್ಮಾನ ಮಾಡಿದರು, ಸುಮಾರು ಮೂವತ್ತು ವರ್ಷ ಆಕಾಶವಾಣಿಯಲ್ಲಿ ಅದಕ್ಕೆ ನಿಷೇಧ. 1950ರ ದಶಕದಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಸೇರುತ್ತಿರಲಿಲ್ಲ. ಕೇಳುಗರು ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಸಿಲೋನ್ ಬರುತ್ತಿದ್ದದ್ದು ಶಾರ್ಟ್‌ವೇವ್‌ನಲ್ಲಿ, ಅದಕ್ಕೆ ಸಮುದ್ರವೂ ಅಡ್ಡಿಯಲ್ಲ, ಮಂತ್ರಿಯೂ ಅಡ್ಡಿಯಲ್ಲ. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯಿತು. ಇವು ನಗುವ ಕಥೆಗಳು. ತುರ್ತು ಪರಿಸ್ಥಿತಿಯದು ನಗುವ ಕಥೆ ಅಲ್ಲ. ಸರ್ಕಾರದ ಪ್ರಚಾರಕ್ಕೆ ಸಹಕರಿಸಲಿಲ್ಲ ಅಂತ 1976ರಲ್ಲಿ ಕಿಶೋರ್ ಕುಮಾರ್ ಹಾಡುಗಳೇ ಆಕಾಶವಾಣಿಯಿಂದ ಮಾಯವಾದವು. ಯಾವ ಕೋರ್ಟೂ ಹಾಗೆ ಹೇಳಿರಲಿಲ್ಲ. ತೂಬಿನ ಕೀಲಿ ಯಾರ ಕೈಯಲ್ಲಿತ್ತೋ ಅವರು ತಿರುಗಿಸಿದರು, ಅಷ್ಟೆ.

ಈ ಏಕಸ್ವಾಮ್ಯ ಮುರಿದದ್ದು ಕ್ರಿಕೆಟ್ಟಿನಿಂದ. 1993ರ ಹೀರೊ ಕಪ್ ಟೂರ್ನಿಯನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಯೊಂದರ ಮೂಲಕ ಪ್ರಸಾರ ಮಾಡಿಸಲು ಹೊರಟಿತು. ದೂರದರ್ಶನ ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಬಿ.ಪಿ. ಜೀವನ್ ರೆಡ್ಡಿ ಮತ್ತು ಎಸ್. ಮೋಹನ್ ಅವರ ಪೀಠ ತೀರ್ಪು ಕೊಟ್ಟಿತು. ತರಂಗಗಳು ಸಾರ್ವಜನಿಕ ಸ್ವತ್ತು. ಸರ್ಕಾರ ಅದರ ಯಜಮಾನ ಅಲ್ಲ. ಸರ್ಕಾರದ ಏಕಸ್ವಾಮ್ಯ ಹೇಗೆ ತಪ್ಪೋ ಖಾಸಗಿಯವರ ಏಕಸ್ವಾಮ್ಯವೂ ಹಾಗೇ ತಪ್ಪು. ಹಂಚುವ ಕೆಲಸಕ್ಕೆ ಒಂದು ಸ್ವತಂತ್ರ ಪ್ರಾಧಿಕಾರ ಬೇಕು. ಇದು ತೀರ್ಪಿನ ಸಾರ.

ಇಲ್ಲಿ ಸಂವಿಧಾನದ ಎರಡು ತುಣುಕು ತಿಳಿದಿದ್ದರೆ ಒಳ್ಳೆಯದು. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಮಾತಿನ ಹಕ್ಕು ಕೊಡುತ್ತದೆ. 19(2) ಅದಕ್ಕೆ ಕಡಿವಾಣ ಹಾಕಬಹುದಾದ ಕಾರಣಗಳನ್ನು ಹೇಳುತ್ತದೆ. ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಎಂಟೇ. "ನಿಗಾ ಇಡೋಕೆ ಕಷ್ಟ" ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ಆದರೆ ಅದೇ ತೀರ್ಪಿನಲ್ಲಿ ಒಂದು ಕೊಕ್ಕೆಯೂ ಇದೆ. ತರಂಗ ಎಲ್ಲರ ಸ್ವತ್ತು ಮತ್ತು ಮಿತವಾದದ್ದು. ಹಾಗಾಗಿ ಅದನ್ನು ಬಳಸುವವರ ಮೇಲೆ ಆ ಎಂಟು ಕಾರಣಗಳನ್ನು ಮೀರಿದ ಷರತ್ತನ್ನೂ ಹಾಕಬಹುದು ಅಂತ ಕೋರ್ಟು ಹೇಳಿತು. ಮತ್ತೆ ಕೆರೆಗೆ ಬನ್ನಿ. ಮಳೆ ಕಮ್ಮಿಯಾದ ವರ್ಷ ಊರಿನವರು ಕೂತು "ಈ ಸಲ ಯಾರೂ ಭತ್ತ ಹಾಕೋ ಹಾಗಿಲ್ಲ, ರಾಗಿ ಮಾತ್ರ" ಅಂತ ಕಟ್ಟು ಮಾಡುವುದುಂಟು. ಬೆಳೆ ನನ್ನಿಷ್ಟ ಅಂತ ಆಗ ಹೇಳಲಾಗಲ್ಲ, ಯಾಕೆಂದರೆ ನೀರು ಎಲ್ಲರದು. ಕೋರ್ಟಿನ ಮಾತೂ ಹೆಚ್ಚುಕಡಿಮೆ ಅದೇ. ನನಗೆ ಈ ವಾದ ಅರ್ಧ ಒಪ್ಪಿಗೆ. ರಾಗಿ ಹಾಕು ಅಂತ ಹೇಳಿದ್ದು ನೀರು ಉಳಿಸೋಕೆ. ಸುದ್ದಿ ಓದಬೇಡ ಅಂದರೆ ಯಾವ ತರಂಗ ಉಳಿಯುತ್ತದೆ?

ತೀರ್ಪಿನ ಆಮೇಲೆ ನಡೆದದ್ದು ಸ್ವಲ್ಪ ವಿಚಿತ್ರ. ಸ್ವತಂತ್ರ ಪ್ರಾಧಿಕಾರ ಬರಲಿಲ್ಲ. ಲೈಸೆನ್ಸ್ ಕೊಡುವುದು ಇವತ್ತಿಗೂ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ. ತರಂಗವನ್ನು ಹರಾಜಿಗೆ ಇಟ್ಟರು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಹರಾಜು ಅಂದರೆ ಕೋಟಿಗಟ್ಟಲೆ ಮಾತು. ಅಷ್ಟು ಸುರಿದವರು ಅದನ್ನು ವಾಪಸ್ ತೆಗೆಯೋಕೆ ದಿನವಿಡೀ ಸಿನಿಮಾ ಹಾಡು, ಜಾಹೀರಾತು ಹಾಕದೆ ಇನ್ನೇನು ಮಾಡುತ್ತಾರೆ? ಟೊಮೆಟೊ ಬಾಕ್ಸಿನ ರೇಟು ಬಿದ್ದು ರೈತ ರಸ್ತೆಗೆ ಸುರಿದ ದಿನವೂ ಅಲ್ಲಿ ಅದೇ ಪ್ರೇಮಗೀತೆ.

ಹಳ್ಳಿಯವರಿಗೆ ಬಾಗಿಲು ತೆರೆದದ್ದು ತಡವಾಗಿ. ಸಮುದಾಯ ರೇಡಿಯೊ ಅನ್ನುವ ಹೆಸರಿನಲ್ಲಿ 2002ರ ಕೊನೆಗೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಟ್ಟರು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಮೊದಲು ಶುರುವಾಯಿತು. ತುಮಕೂರಿನ ರೇಡಿಯೊ ಸಿದ್ಧಾರ್ಥವೂ ಹೀಗೆ ಶಿಕ್ಷಣ ಸಂಸ್ಥೆಯ ಮಡಿಲಲ್ಲಿ ಬೆಳೆದದ್ದೇ. ಆದರೆ ರೈತರ ಗುಂಪು, ಮಹಿಳಾ ಸಂಘಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳು 2006ರ ನವೆಂಬರ್ ತನಕ ಕಾಯಬೇಕಾಯಿತು.

ಆ ಕಾಯುವ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ನಡೆದದ್ದೇ ಇಡೀ ದೇಶಕ್ಕೆ ಉದಾಹರಣೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಹೈದರ್ ಅಲಿ ಹುಟ್ಟಿದ ಊರು ಅಂತ ಶಾಲೆಯಲ್ಲಿ ಓದಿರುತ್ತೀರಿ. ಅಲ್ಲಿ 2000ದ ದಶಕದ ಶುರುವಿನಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು, ಯುನೆಸ್ಕೊ ನೆರವಿನಿಂದ, ನಮ್ಮ ಧ್ವನಿ ಅನ್ನುವ ಪುಟ್ಟ ಸ್ಟುಡಿಯೊ ಕಟ್ಟಿದವು. ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ಮೈಕ್ ಹಿಡಿಯೋದು, ರೆಕಾರ್ಡ್ ಮಾಡೋದು ಕಲಿತರು. ಮಾತು ತಯಾರಿತ್ತು, ಹಾಡು ತಯಾರಿತ್ತು. ಗಾಳಿಗೆ ಬಿಡುವ ಹಾಗಿರಲಿಲ್ಲ.

ಆಗ ಅವರು ಗಾಳಿಯನ್ನೇ ಬಿಟ್ಟು ತಂತಿ ಹಿಡಿದರು. ಊರಿನ ಕೇಬಲ್ ಟಿವಿ ತಂತಿಯಲ್ಲಿ ಕಾರ್ಯಕ್ರಮದ ದನಿಯನ್ನು ಮನೆಮನೆಗೆ ಕಳಿಸಿದರು. ಟಿವಿ ಹಾಕಿದರೆ ಚಿತ್ರ ಇಲ್ಲ, ಮಾತು ಮಾತ್ರ. ಕೇಬಲ್ ಇಲ್ಲದವರಿಗೆ ಧ್ವನಿವರ್ಧಕ ಇತ್ತು. ಒಂದು ಸಲ ಯೋಚನೆ ಮಾಡಿ. ಅದೇ ಹೆಂಗಸು, ಅದೇ ಮಾತು, ಅದೇ ಊರು. ತಂತಿಯಲ್ಲಿ ಹೋದರೆ ಸಲೀಸು, ಗಾಳಿಯಲ್ಲಿ ಹೋದರೆ ಅಪರಾಧ. ಅಲ್ಲಿ ತರಂಗಕ್ಕೆ ನೂಕುನುಗ್ಗಲು ಇತ್ತಾ? ಬೂದಿಕೋಟೆಯ ಆಕಾಶದಲ್ಲಿ ಜಾಗ ಬೇಕಾದಷ್ಟಿತ್ತು. ತೂಬಿನಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಸರದಿ ಬಂದಿಲ್ಲ ಅಂತ ನಿಲ್ಲಿಸಿದ ಹಾಗೆ. ಕಾನೂನು ಬದಲಾದ ಎಷ್ಟೋ ವರ್ಷದ ಮೇಲೆ ನಮ್ಮ ಧ್ವನಿಗೂ ಪರವಾನಗಿ ಸಿಕ್ಕಿತು.

ಬಿಹಾರದ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಮಾಡುವ ಹುಡುಗನೊಬ್ಬ ಇಷ್ಟು ತಾಳ್ಮೆ ತೋರಲಿಲ್ಲ. ತಾನೇ ಜೋಡಿಸಿದ ಅಗ್ಗದ ಟ್ರಾನ್ಸ್‌ಮಿಟರ್ ಇಟ್ಟು ಊರಿಗೇ ಹಾಡು, ಊರಿನ ಮಾತು ಕೇಳಿಸಿದ. 2006ರಲ್ಲಿ ಅಧಿಕಾರಿಗಳು ಬಂದು ಮುಚ್ಚಿಸಿದರು. ಲೈಸೆನ್ಸ್ ಬೇಕು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲವಂತೆ.

ಈಗ ನಿಯಮ ಏನು ಹೇಳುತ್ತದೆ? ಸಮುದಾಯ ರೇಡಿಯೊದ ಶಕ್ತಿ ಸಾಮಾನ್ಯವಾಗಿ 100 ವಾಟ್ ದಾಟಬಾರದು, ಆಂಟೆನಾ ನೆಲದಿಂದ 30 ಮೀಟರ್ ಮೀರಬಾರದು. ಅಂದರೆ ಹೆಚ್ಚುಕಡಿಮೆ ಸುತ್ತಲಿನ ಹತ್ತು ಕಿಲೋಮೀಟರ್ ದೂರದವರೆಗಿನ ಮಾತು. ಇವು ನೀರುಗಂಟಿಯ ಕೆಲಸ, ತಕರಾರಿಲ್ಲ. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಊರಿನವರೇ ತಯಾರಿಸಿದ್ದಿರಬೇಕು. ಇದು ರಾಗಿಯ ಕಟ್ಟು, ಒಳ್ಳೆಯದೇ. ಜಾಹೀರಾತಿಗೆ ಮೊದಲು ಗಂಟೆಗೆ 5 ನಿಮಿಷ ಇತ್ತು, 2024ರ ನಿಯಮದಲ್ಲಿ 12 ಆಯಿತು. ಒಬ್ಬ ವ್ಯಕ್ತಿಯ ಹೆಸರಿಗೆ, ರಾಜಕೀಯ ಪಕ್ಷಕ್ಕೆ, ಲಾಭದ ಕಂಪನಿಗೆ ಲೈಸೆನ್ಸ್ ಇಲ್ಲ. ಆಮೇಲೆ ಬರುತ್ತದೆ ಇನ್ನೊಂದು ಸಾಲು. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ ಕಾರ್ಯಕ್ರಮ ಕೂಡದು. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೆ.

ಸುದ್ದಿ ಅಂದರೆ ಯಾವುದು? ಖಾಸಗಿ ಎಫ್ಎಂ ನಿಯಮದಲ್ಲಿ ಒಂದು ಪಟ್ಟಿ ಇದೆ. ಹವಾಮಾನ, ಟ್ರಾಫಿಕ್ಕು, ಪರೀಕ್ಷೆ ಫಲಿತಾಂಶ, ಉದ್ಯೋಗಾವಕಾಶ, ಹಬ್ಬ, ಕರೆಂಟು ನೀರಿನ ಬಗ್ಗೆ ಸ್ಥಳೀಯ ಆಡಳಿತದ ಪ್ರಕಟಣೆ, ಇವನ್ನೆಲ್ಲ ಸುದ್ದಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ "ನಾಳೆ ನಿಮ್ಮ ವಾರ್ಡಿಗೆ ನೀರು ಬರುವುದಿಲ್ಲ" ಅಂತ ಹೇಳಬಹುದು. "ಮೂರು ವಾರದಿಂದ ಯಾಕೆ ಬಂದಿಲ್ಲ, ಟ್ಯಾಂಕರ್ ಬಿಲ್ಲು ಯಾರ ಹೆಸರಿಗೆ ಆಗಿದೆ" ಅಂತ ಕೇಳಿದರೆ ಅದು ಸುದ್ದಿಯ ಕಡೆಗೆ ಜಾರಿತು. ಮೊದಲ ವಾಕ್ಯ ಆಡಳಿತದಿಂದ ಜನಕ್ಕೆ ಇಳಿಯುತ್ತದೆ. ಎರಡನೆಯದು ಜನರಿಂದ ಆಡಳಿತಕ್ಕೆ ಹತ್ತುತ್ತದೆ. ಬಾಗಿಲು ಒಂದೇ ಕಡೆಗೆ ತೆರೆಯುವ ಹಾಗೆ ಕೀಲು ಕೂರಿಸಿದ್ದಾರೆ.

ಸರ್ಕಾರದ ವಾದವನ್ನೂ ಹೇಳಬೇಕು. ದೇಶದ ತುಂಬ ನೂರಾರು ಕೇಂದ್ರಗಳು, ಬೇರೆಬೇರೆ ಭಾಷೆ. ಯಾರು ಏನು ಹೇಳುತ್ತಿದ್ದಾರೆ ಅಂತ ನೋಡಿಕೊಳ್ಳುವುದು ಕಷ್ಟ. ಒಂದು ಸುಳ್ಳು ಸುದ್ದಿಯಿಂದ ಊರು ಹತ್ತಿ ಉರಿಯಬಹುದು. ಇದು ಬರೀ ಕಲ್ಪನೆ ಅಲ್ಲ. 1994ರಲ್ಲಿ ಆಫ್ರಿಕಾದ ರುವಾಂಡದಲ್ಲಿ ಒಂದು ರೇಡಿಯೊ ಕೇಂದ್ರ ಜನರನ್ನು ಕೊಲೆಗೆ ಎತ್ತಿಕಟ್ಟಿತು, ನರಮೇಧಕ್ಕೆ ಬೆಂಕಿ ಹಚ್ಚಿತು. ಆದರೆ ಆ ಕೇಂದ್ರ ಕದ್ದುಮುಚ್ಚಿ ನಡೆದದ್ದಲ್ಲ. ಅಧಿಕಾರದಲ್ಲಿದ್ದವರ ಬೆಂಬಲದಿಂದಲೇ ನಡೆಯುತ್ತಿತ್ತು. ಲೈಸೆನ್ಸ್ ಇದ್ದರೆ ಅಪಾಯ ಇಲ್ಲ ಅನ್ನುವವರು ಇದಕ್ಕೊಂದು ಉತ್ತರ ಹುಡುಕಬೇಕು.

ಇನ್ನು ಸುಳ್ಳು ಸುದ್ದಿಯ ಮಾತು. ನನ್ನ ಫೋನಿನಲ್ಲಿ ಇವತ್ತು ಬೆಳಿಗ್ಗೆ ಬಂದ ಮೂರು ವಾಟ್ಸಾಪ್ ವಿಡಿಯೊಗಳಲ್ಲಿ ಎರಡು ಹಸೀ ಸುಳ್ಳು. ಯಾರ ಲೈಸೆನ್ಸೂ ಬೇಕಿರಲಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಬ್ಬ ಹುಡುಗ ಯೂಟ್ಯೂಬಿನಲ್ಲಿ ಸುದ್ದಿ ಓದಬಹುದು, ಇಡೀ ಪ್ರಪಂಚ ನೋಡಬಹುದು. ಅದೇ ಹುಡುಗ ಹತ್ತು ಕಿಲೋಮೀಟರ್ ದಾಟದ ರೇಡಿಯೊದಲ್ಲಿ ಅದನ್ನೇ ಓದಿದರೆ ಷರತ್ತು ಮುರಿದ ಹಾಗೆ. ರೇಡಿಯೊದಲ್ಲಿ ಮಾತಾಡಿದವರು ಯಾರು, ಸ್ಟುಡಿಯೊ ಎಲ್ಲಿದೆ ಅಂತ ಊರಿಗೇ ಗೊತ್ತು. ಮೂರು ತಿಂಗಳ ರೆಕಾರ್ಡಿಂಗನ್ನೂ ಇಟ್ಟಿರಬೇಕು ಅಂತ ನಿಯಮ ಇದೆ. ಕೇಸು ಹಾಕುವುದೇ ಆದರೆ ವಾಟ್ಸಾಪಿಗಿಂತ ಇಲ್ಲಿ ಸುಲಭ.

2013ರಲ್ಲಿ ಕಾಮನ್ ಕಾಸ್ ಸಂಸ್ಥೆ ಈ ಸುದ್ದಿ ನಿಷೇಧದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸಂಸ್ಥೆಯೇ ಖಾಸಗಿ ಎಫ್ಎಂಗಳಿಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಓದಲು ಬಿಡಿ ಅಂತ ಶಿಫಾರಸು ಮಾಡಿತು. ಅದೇ ವರ್ಷ 1885ರ ಕಾಯ್ದೆಗೆ ಬದಲಾಗಿ ಹೊಸ ದೂರಸಂಪರ್ಕ ಕಾಯ್ದೆಯೂ ಬಂತು. ಕಾಯ್ದೆಯ ಹೆಸರು ಹೊಸದು, ತೂಬಿನ ಕೀಲಿ ಹಳೇ ಜಾಗದಲ್ಲೇ ಇದೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ಎರಡು ಮೊರ ಅವರೆಕಾಯಿ ಸುಲಿದಿದ್ದರು. ಅವರಿಗೆ ಬೇಕಿದ್ದದ್ದು ಲೆಕ್ಕ. ಸಂಘ ಅರ್ಜಿ ಹಾಕಬಹುದಾ? ನೋಂದಣಿಯಾಗಿ ಮೂರು ವರ್ಷ ಕೆಲಸ ಮಾಡಿದ ಸೇವಾ ಸಂಸ್ಥೆ ಆಗಿದ್ದರೆ ಹಾಕಬಹುದು. ದಿಲ್ಲಿಯಲ್ಲಿ ಯಾರ್ಯಾರು ನೋಡ್ತಾರೆ? ಗೃಹ ಇಲಾಖೆ, ರಕ್ಷಣಾ ಇಲಾಖೆ, ತರಂಗ ಹಂಚುವ ಕಚೇರಿ. "ರಕ್ಷಣಾ ಇಲಾಖೆಗೂ ನಮ್ಮ ಸಂಘಕ್ಕೂ ಏನಪ್ಪಾ ಸಂಬಂಧ?" ಅಂದರು. ತರಂಗದಲ್ಲಿ ದೊಡ್ಡ ಪಾಲು ಸೈನ್ಯದ್ದು, ಅದಕ್ಕೆ ಅಂದೆ.

"ಸುದ್ದಿ ಹೇಳೋ ಹಾಗಿಲ್ಲ?"

"ಇಲ್ಲ ದೊಡ್ಡಮ್ಮ."

"ಸೋಬಾನೆ ಪದ ಹಾಡಬಹುದಾ?"

"ಧಾರಾಳವಾಗಿ."

ಅವರು ಮೊರ ಕೊಡವಿ ಎದ್ದರು. "ಹಾಗಾದ್ರೆ ಟ್ಯಾಂಕರ್ ಬರಲಿಲ್ಲ ಅಂತ ಒಂದು ಪದ ಕಟ್ಟಿ ಹಾಡ್ತೀವಿ. ಆಗ ಅದು ಸುದ್ದೀನಾ, ಪದಾನಾ?"

ನಿಯಮಾವಳಿಯನ್ನು ಇನ್ನೊಂದು ಸಲ ಓದಿ ಹೇಳ್ತೀನಿ ಅಂದಿದ್ದೇನೆ.